‘ಹೊಡೆಯಲ್ಲ ಅಷ್ಟೇ ಅಮ್ಮಾ’: ‘ದಿ ಗ್ಲೋರಿ’ ನೋಡಿದ ಮಗಳು ಅರ್ಧಕ್ಕೆ ನಿಲ್ಲಿಸಿದ ಮಾತು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ದಸರಾ ರಜೆಗೆ ದೊಡ್ಡಮ್ಮನ ಮನೆಗೆ ಹೋದಾಗ ಅಲ್ಲಿ ಅಕ್ಕನ ಜೊತೆ ಕೂತು ‘ದಿ ಗ್ಲೋರಿ’ ಅನ್ನೋ ಕೊರಿಯನ್ ಸೀರೀಸ್ ಪೂರ್ತಿ ನೋಡಿ ಬಂದಿದ್ದಾಳೆ. ಏನಿದೆ ಅದರಲ್ಲಿ ಅಂತ ನಾನೂ ಒಂದೆರಡು ಕಂತು ನೋಡಿದೆ. ಶಾಲೆಯ ಹುಡುಗಿಯರೇ ಇನ್ನೊಬ್ಬ ಹುಡುಗಿಯನ್ನು ಹಿಡಿದು ಕೂದಲಿನ ಕರ್ಲರ್‌ನಿಂದ ಸುಡುವುದನ್ನು ನೋಡಿ ಕೈಕಾಲು ನಡುಗಿತು. ‘ಇದೆಲ್ಲ ಕಥೆ ಕಣೇ, ಶಾಲೆಯಲ್ಲಿ ಎಲ್ಲಾದರೂ ಹೀಗಾಗುತ್ತಾ?’ ಅಂದೆ. ಅವಳು ತಲೆ ಎತ್ತದೆ, ‘ನಮ್ಮ ಕ್ಲಾಸಲ್ಲೂ ಇದೆ. ಹೊಡೆಯಲ್ಲ ಅಷ್ಟೇ ಅಮ್ಮಾ’ ಅಂದಳು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡುತ್ತಿಲ್ಲ. ಅವರಪ್ಪ ಫೋನ್ ಕಿತ್ತಿಡು ಅಂತಾರೆ. ಈಗ ‘ಪಿರಮಿಡ್ ಗೇಮ್’ ಅನ್ನೋ ಇನ್ನೊಂದನ್ನು ನೋಡ್ತೀನಿ ಅಂತ ಹಟ. ಬಿಡಬಹುದಾ? ಶಾಲೆಗೆ ಹೋಗಿ ವಿಚಾರಿಸಲಾ, ಸುಮ್ಮನಿರಲಾ? — ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಒಂದು ವಿನಂತಿ. ದಯವಿಟ್ಟು ಫೋನ್ ಕಿತ್ತಿಡಬೇಡಿ. ನನ್ನ ಹತ್ತಿರ ಬರುವ ಹದಿಹರೆಯದ ಹೆಣ್ಣುಮಕ್ಕಳನ್ನು ‘ಇಷ್ಟು ದಿನ ಮನೆಯಲ್ಲಿ ಯಾಕೆ ಹೇಳಲಿಲ್ಲ ಪುಟ್ಟಾ?’ ಎಂದು ಕೇಳಿದರೆ ಹೆಚ್ಚು ಸಲ ಸಿಗುವ ಉತ್ತರ ಎರಡು. ‘ಹೇಳಿದ್ರೆ ಫೋನ್ ತಗೊಂಡುಬಿಡ್ತಾರೆ’ ಎಂಬುದು ಒಂದು. ‘ಅಮ್ಮ ಶಾಲೆಗೆ ಬಂದು ಜಗಳ ಮಾಡ್ತಾರೆ, ಆಮೇಲೆ ಇನ್ನೂ ಜಾಸ್ತಿ ಆಗುತ್ತೆ’ ಎಂಬುದು ಇನ್ನೊಂದು. ನಿಮ್ಮ ಮಗಳು ಅರ್ಧ ವಾಕ್ಯ ಹೇಳಿದ್ದಾಳೆ. ಈ ವಯಸ್ಸಿನ ಮಕ್ಕಳು ದೊಡ್ಡ ವಿಷಯವನ್ನು ಒಂದೇ ಸಲಕ್ಕೆ ಹೇಳುವುದಿಲ್ಲ. ಒಂದು ತುಣುಕು ಹೊರಗಿಟ್ಟು ನಮ್ಮ ಮುಖ ನೋಡುತ್ತಾರೆ. ನಾವು ಗಾಬರಿಯಾದೆವೋ, ಬೈದೆವೋ, ‘ಅಷ್ಟೇನಾ’ ಎಂದು ತಳ್ಳಿಹಾಕಿದೆವೋ ನೋಡಿಕೊಂಡು ಉಳಿದದ್ದನ್ನು ಹೇಳಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಆ ತುಣುಕಿನ ಬೆನ್ನಿಗೇ ಫೋನ್ ಕಸಿದುಕೊಂಡರೆ, ಅಮ್ಮನಿಗೆ ಹೇಳಿದ್ದರ ಫಲ ಶಿಕ್ಷೆ ಎಂದು ಅವಳಿಗೆ ಖಾತ್ರಿಯಾಗುತ್ತದೆ.

ಇನ್ನು ಆ ಸೀರೀಸ್ ವಿಷಯ. ಅದನ್ನು ಬರೆದವರು ಕಿಮ್ ಯುನ್-ಸುಕ್, ನಿರ್ದೇಶಕರು ಆನ್ ಗಿಲ್-ಹೊ. ಮುಖ್ಯ ಪಾತ್ರದಲ್ಲಿ ಸಾಂಗ್ ಹೈ-ಕ್ಯೊ. ನೆಟ್‌ಫ್ಲಿಕ್ಸ್‌ನಲ್ಲಿ ಮೊದಲ ಎಂಟು ಕಂತು ಬಂದದ್ದು 2022ರ ಡಿಸೆಂಬರ್ 30ಕ್ಕೆ, ಉಳಿದ ಎಂಟು 2023ರ ಮಾರ್ಚ್ 10ಕ್ಕೆ. ಇದು ವಯಸ್ಕರಿಗಾಗಿಯೇ ಮಾಡಿದ್ದು. ಸುಡುವ ದೃಶ್ಯವಷ್ಟೇ ಅಲ್ಲದೆ ಲೈಂಗಿಕ ದೌರ್ಜನ್ಯ, ಮಾದಕ ವಸ್ತು, ಕೊಲೆ ಎಲ್ಲವೂ ಅದರಲ್ಲಿದೆ. 13ರ ಹುಡುಗಿ ಒಬ್ಬಳೇ ನೋಡುವಂಥದ್ದಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆಕೆ ನೋಡಿಯಾಗಿದೆ. ‘ಯಾಕೆ ನೋಡಿದೆ’ ಎಂದು ಈಗ ಕೇಳುವುದರಿಂದ ಏನೂ ಸಿಗುವುದಿಲ್ಲ. ಅದರಲ್ಲಿ ಅವಳಿಗೆ ತನ್ನ ಕ್ಲಾಸು ಯಾಕೆ ಕಂಡಿತು ಎಂಬುದು ನಮಗೆ ಬೇಕಾದ ಪ್ರಶ್ನೆ.

‘ಎಲ್ಲಾದರೂ ಹೀಗಾಗುತ್ತಾ’ ಎಂದಿರಿ. ಆಗಿದೆ. 2006ರಲ್ಲಿ ದಕ್ಷಿಣ ಕೊರಿಯಾದ ಚಿಯೊಂಗ್ಜು ನಗರದ ಮಿಡ್ಲ್ ಸ್ಕೂಲ್ ಹುಡುಗಿಯೊಬ್ಬಳನ್ನು ಸಹಪಾಠಿಗಳೇ ಕೂದಲಿನ ಕರ್ಲರ್‌ನಿಂದ ಸುಟ್ಟ ಪ್ರಕರಣ ಬಯಲಿಗೆ ಬಂದಿತ್ತು. ಸೀರೀಸ್ ಬಂದಾಗ ಅಲ್ಲಿನ ಪತ್ರಿಕೆಗಳು ಅದನ್ನು ಮತ್ತೆ ಹುಡುಕಿ ತೆಗೆದವು. ಆದರೂ ನೀವು ಆ ಸುಟ್ಟ ಗಾಯದ ದೃಶ್ಯದಲ್ಲೇ ಸಿಕ್ಕಿಹಾಕಿಕೊಳ್ಳಬೇಡಿ. ಅದನ್ನು ನೋಡಿದ ತಕ್ಷಣ ನಮಗೆಲ್ಲ ‘ನಮ್ಮಲ್ಲಿ ಇಷ್ಟೆಲ್ಲ ಇಲ್ಲಪ್ಪ’ ಎಂಬ ಸಮಾಧಾನ ಬಂದುಬಿಡುತ್ತದೆ, ಮಿಕ್ಕದ್ದು ಕಣ್ಣಿಗೆ ಬೀಳುವುದಿಲ್ಲ. ಆ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ದೊಡ್ಡವರ ಪಾತ್ರಗಳು.

ನೀವು ನೋಡಿದ ಕಂತುಗಳಲ್ಲೇ ಅದು ಬರುತ್ತದೆ, ನೆನಪು ಮಾಡಿಕೊಳ್ಳಿ. ಮೂನ್ ಡಾಂಗ್-ಯುನ್ ಎಂಬ ಆ ಹುಡುಗಿ ಸುಮ್ಮನೆ ಸಹಿಸಿಕೊಂಡು ಕೂತವಳಲ್ಲ. ಪೊಲೀಸ್ ಠಾಣೆಗೆ ಹೋಗುತ್ತಾಳೆ. ಅಲ್ಲಿಂದ ಆ ಗುಂಪು ಆರಾಮವಾಗಿ ಹೊರಬರುತ್ತದೆ, ದೊಡ್ಡವರ ಪರಿಚಯ ಕೆಲಸ ಮಾಡುತ್ತದೆ. ಶಾಲೆಯಲ್ಲಿ ಗಾಯಕ್ಕೆ ಮದ್ದು ಹಾಕಿ ಅವಳ ಪರ ನಿಂತವಳು ನರ್ಸ್ ಒಬ್ಬಳೇ. ಆಕೆಯೂ ಶಾಲೆ ಬಿಡಬೇಕಾಗುತ್ತದೆ. ಕೊನೆಗೆ ಡಾಂಗ್-ಯುನ್ ಶಾಲೆ ಬಿಡಲು ಅರ್ಜಿ ತುಂಬುತ್ತಾಳೆ. ಕಾರಣ ಎಂಬ ಜಾಗದಲ್ಲಿ ತನಗಾದ ಹಿಂಸೆಯನ್ನೇ ಬರೆಯುತ್ತಾಳೆ. ಅದನ್ನು ಓದಿದ ಕ್ಲಾಸ್ ಟೀಚರ್ ಸ್ಟಾಫ್ ರೂಮಿನಲ್ಲೇ ಅವಳ ಕೆನ್ನೆಗೆ ಬಾರಿಸುತ್ತಾನೆ. ಬಳಿಕ ಹೆತ್ತ ತಾಯಿಯೇ ಆ ಕಡೆಯವರಿಂದ ದುಡ್ಡು ತೆಗೆದುಕೊಂಡು, ಹುಡುಗಿಗೆ ಶಾಲೆಗೆ ಹೊಂದಿಕೊಳ್ಳಲು ಆಗಲಿಲ್ಲ ಎಂಬರ್ಥದ ಕಾರಣಕ್ಕೆ ಸಹಿ ಹಾಕಿ ಹೋಗುತ್ತಾಳೆ. ಹುಡುಗಿ ಯಾರ್‍ಯಾರಿಗೆ ಹೇಳಬೇಕಿತ್ತೋ ಅವರಿಗೆಲ್ಲ ಹೇಳಿದ್ದಾಳೆ. ಮುಂದಿನ 18 ವರ್ಷ ಅವಳು ಸೇಡಿಗಾಗಿಯೇ ಬದುಕುವುದು ಆ ಬಾಗಿಲುಗಳೆಲ್ಲ ಮುಚ್ಚಿಕೊಂಡ ಮೇಲೆ. ನಿಮ್ಮ ಮಗಳು ನಿಮ್ಮ ಹತ್ತಿರ ಬಂದು ತಟ್ಟಿದ್ದು ಅಂಥದ್ದೇ ಮೊದಲ ಬಾಗಿಲನ್ನು.

ಗುಂಪಿನ ನಾಯಕಿ ಪಾರ್ಕ್ ಯಾನ್-ಜಿನ್ ಇವಳನ್ನೇ ಯಾಕೆ ಆರಿಸಿಕೊಂಡಳು ಎಂಬುದನ್ನೂ ಕಥೆ ಹೇಳುತ್ತದೆ. ಇವಳ ಹಿಂದೆ ಯಾರೂ ಇಲ್ಲ, ಇವಳಿಗೆ ಏನು ಮಾಡಿದರೂ ತನಗೇನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಷ್ಟೇ ಕಾರಣ. ಡಾಂಗ್-ಯುನ್‌ಗಿಂತ ಮುಂಚೆ ಇನ್ನೊಬ್ಬ ಹುಡುಗಿ ಆ ಜಾಗದಲ್ಲಿದ್ದಳು, ಇವಳು ಶಾಲೆ ಬಿಟ್ಟ ಮೇಲೆ ಮತ್ತೊಬ್ಬಳು ಬಂದಳು. ಅದೇ ಗುಂಪಿನೊಳಗೆ ಚೊಯ್ ಹೈ-ಜಾಂಗ್ ಎಂಬ ಬಡ ಮನೆಯ ಹುಡುಗಿಯಿದ್ದಾಳೆ. ನಗುತ್ತಾ ಜೊತೆಗಿರದಿದ್ದರೆ ಮುಂದಿನ ಸರದಿ ತನ್ನದೇ ಎಂಬ ಭಯ ಅವಳ ಮುಖದಲ್ಲೇ ಇದೆ. ಪೋಷಕರು ನನ್ನೆದುರು ಕೂತು ‘ನಮ್ಮ ಮಗಳಲ್ಲೇ ಏನಾದರೂ ಕೊರತೆ ಇದೆಯಾ ಡಾಕ್ಟ್ರೇ? ಸ್ವಲ್ಪ ದಪ್ಪ ಇದ್ದಾಳೆ ಅಂತಾನಾ? ಇಂಗ್ಲಿಷ್ ಬರಲ್ಲ ಅಂತಾನಾ?’ ಎಂದು ಕೇಳುವುದುಂಟು. ದಪ್ಪ, ಬಣ್ಣ, ಜಾತಿ, ಮಾತಿನ ಧಾಟಿ, ಬಾಡಿಗೆ ಮನೆ, ಅಪ್ಪ ಇಲ್ಲದಿರುವುದು, ಇವೆಲ್ಲ ಬಾಯಿಗೆ ಸಿಗುವ ನೆಪಗಳು. ಕಾಡುವವರು ನೋಡುವುದು ಇವಳ ಪರ ಎದ್ದು ನಿಲ್ಲುವವರು ಇದ್ದಾರೋ ಇಲ್ಲವೋ ಎಂಬುದನ್ನು. ಹಾಗಾಗಿ ಮಗಳನ್ನು ತಿದ್ದಲು ಹೊರಡಬೇಡಿ. ‘ನೀನೂ ಸ್ವಲ್ಪ ಎಲ್ಲರ ಜೊತೆ ಬೆರೀಬೇಕಮ್ಮ’ ಎಂಬ ಒಳ್ಳೆಯ ಮಾತು ಕೂಡ ಅವಳ ಕಿವಿಗೆ ‘ತಪ್ಪು ನಿಂದೇ’ ಎಂದು ಕೇಳಿಸುತ್ತದೆ.

ಈಗ ಆ ‘ಹೊಡೆಯಲ್ಲ ಅಷ್ಟೇ’ ಎಂಬ ಮಾತಿಗೆ ಬರೋಣ. ಇದನ್ನೇ ನೀವು ಸರಿಯಾಗಿ ಕೇಳಿಸಿಕೊಳ್ಳಬೇಕು.

ಹೊಡೆತವಿಲ್ಲದ ಹಿಂಸೆ ಒಂದು ಎಂಟನೇ ಕ್ಲಾಸಿನಲ್ಲಿ ಹೇಗಿರುತ್ತದೆ ಹೇಳುತ್ತೇನೆ. ಊಟದ ಬೆಲ್ ಹೊಡೆಯುತ್ತದೆ. ಐದು ಹುಡುಗಿಯರು ದಿನಾ ಒಟ್ಟಿಗೆ ಡಬ್ಬಿ ಬಿಚ್ಚುವ ಜಾಗಕ್ಕೆ ಆರನೆಯವಳು ಬರುತ್ತಾಳೆ. ಯಾರೂ ‘ಬರಬೇಡ’ ಅನ್ನುವುದಿಲ್ಲ. ಬ್ಯಾಗೊಂದು ಪಕ್ಕಕ್ಕೆ ಸರಿದು ಖಾಲಿ ಜಾಗದ ಮೇಲೆ ಕೂರುತ್ತದೆ, ನಡೆಯುತ್ತಿದ್ದ ಮಾತು ನಿಲ್ಲುತ್ತದೆ, ಒಬ್ಬಳು ಇನ್ನೊಬ್ಬಳ ಮುಖ ನೋಡಿ ತುಟಿ ಕಚ್ಚಿ ನಗು ತಡೆಯುತ್ತಾಳೆ. ಆರನೆಯವಳು ‘ನಂಗೆ ಹಸಿವಿಲ್ಲ’ ಎಂದು ನೀರಿನ ಬಾಟಲಿ ಹಿಡಿದು ಹೊರಗೆ ಹೋಗುತ್ತಾಳೆ. ಸಂಜೆ ಕ್ಲಾಸಿನ ವಾಟ್ಸಾಪ್ ಗ್ರೂಪು ನಿಶ್ಶಬ್ದವಾಗಿರುತ್ತದೆ, ಯಾಕೆಂದರೆ ಅವಳೊಬ್ಬಳನ್ನು ಬಿಟ್ಟು ಹೊಸ ಗ್ರೂಪು ಆಗಿದೆ. ಅವಳು ನಂಬಿ ಒಬ್ಬಳಿಗೆ ಹೇಳಿದ ಗುಟ್ಟು ಮಾರನೆಯ ದಿನ ಇಡೀ ಬೆಂಚಿಗೆ ಗೊತ್ತಿರುತ್ತದೆ. ‘ಅವಳ ಜೊತೆ ಮಾತಾಡಿದ್ರೆ ನಿಂಗೂ ಠೂ’ ಎಂಬ ಆಜ್ಞೆ ಚೀಟಿಯಲ್ಲಿ ಓಡಾಡಿರುತ್ತದೆ. ಟೀಚರ್‌ಗೆ ಹೇಳಲು ಹೋದರೆ ಹೇಳುವುದೇನನ್ನು? ಬ್ಯಾಗ್ ಇಟ್ಟರು ಅಂತಲೇ? ನಕ್ಕರು ಅಂತಲೇ? ಮೈಮೇಲೆ ತೋರಿಸಲು ಒಂದು ಗುರುತೂ ಇಲ್ಲ. ಅದಕ್ಕೇ ನಿಮ್ಮ ಮಗಳು ‘ಅಷ್ಟೇ’ ಎಂದು ಸೇರಿಸಿ ತಾನೇ ಅದನ್ನು ಚಿಕ್ಕದು ಮಾಡಿಬಿಟ್ಟಳು.

ಅದು ಚಿಕ್ಕದಲ್ಲ. ಫಿನ್ಲೆಂಡಿನ ಸಂಶೋಧಕರು 1980ರ ದಶಕದ ಕೊನೆಯಲ್ಲಿಯೇ ಇದನ್ನು ಪರೋಕ್ಷ ಆಕ್ರಮಣ ಎಂದು ಗುರುತಿಸಿ ಅಳೆದರು. ಅಮೆರಿಕದ ನಿಕಿ ಕ್ರಿಕ್ 1995ರಲ್ಲಿ ಸಂಬಂಧಗಳನ್ನೇ ಆಯುಧ ಮಾಡಿಕೊಂಡು ನೋಯಿಸುವುದನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಿದರು. ‘ಹೆಣ್ಣುಮಕ್ಕಳೇ ಹಾಗೆ ಬಿಡಿ, ಹೊಟ್ಟೆಕಿಚ್ಚು’ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿದರೆ ಅದನ್ನೂ ಒಪ್ಪಬೇಡಿ. 2008ರಲ್ಲಿ 148 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಈ ಬಗೆಯ ಹಿಂಸೆಯಲ್ಲಿ ಹುಡುಗ ಹುಡುಗಿಯರ ನಡುವಿನ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿರಲಿಲ್ಲ. ಹುಡುಗರು ಇದರ ಜೊತೆಗೆ ಕೈಯನ್ನೂ ಎತ್ತುತ್ತಾರೆ, ಹಾಗಾಗಿ ಅವರದು ಕಣ್ಣಿಗೆ ಬೀಳುತ್ತದೆ. ಯುನೆಸ್ಕೊ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ಮೂವರಲ್ಲಿ ಒಬ್ಬ ವಿದ್ಯಾರ್ಥಿ ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳಿಂದ ಒಂದಲ್ಲ ಒಂದು ಬಗೆಯ ಕಾಟ ಅನುಭವಿಸಿದ್ದರು.

ಹಾಗಂತ ಮಕ್ಕಳ ನಡುವಿನ ಪ್ರತಿ ಜಗಳವೂ ಇದಲ್ಲ. ಇಬ್ಬರು ಗೆಳತಿಯರು ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಐಸ್‌ಕ್ಯಾಂಡಿ ಹಂಚಿಕೊಂಡರೆ ಅದು ಸ್ನೇಹದ ಭಾಗ. ಮತ್ತೆ ಮತ್ತೆ ನಡೆಯುತ್ತಿದ್ದರೆ, ಒಂದು ಕಡೆ ಬಲ ಹೆಚ್ಚಾಗಿದ್ದು ಇನ್ನೊಂದು ಕಡೆಯವಳಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಿದ್ದರೆ, ನೋವಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿದರೆ, ಆಗ ದೊಡ್ಡವರು ನಡುವೆ ಬರಲೇಬೇಕು. ಇಲ್ಲಿ ಬಲ ಎಂದರೆ ತೋಳ್ಬಲ ಎಂದುಕೊಳ್ಳಬೇಡಿ. ಕ್ಲಾಸಿನಲ್ಲಿ ಎಲ್ಲರಿಗೂ ಬೇಕಾದವಳು, ಟೀಚರ್‌ಗೆ ಅಚ್ಚುಮೆಚ್ಚಿನವಳು, ಸ್ಕೂಲ್ ಡೇ ನಿರೂಪಣೆ ಮಾಡುವವಳು ಕೂಡ ಇದರ ನಾಯಕಿಯಾಗಿರಬಹುದು. ‘ಅಯ್ಯೋ ಅವಳಾ? ಎಷ್ಟು ಒಳ್ಳೆ ಹುಡುಗಿ!’ ಎಂಬ ಉದ್ಗಾರ ನಾನು ಬಹಳ ಕೇಳಿದ್ದೇನೆ.

‘ಪಿರಮಿಡ್ ಗೇಮ್’ ಅನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ನಿಮ್ಮ ಮಗಳಿಗೆ ಅದೇ ಯಾಕೆ ಬೇಕಾಯಿತು ಎಂದು ನನಗೆ ಅಂದಾಜಿದೆ. 2024ರ ಫೆಬ್ರುವರಿ ಕೊನೆಗೆ ಕೊರಿಯಾದ ಟಿವಿಂಗ್ ಎಂಬ ಒಟಿಟಿಯಲ್ಲಿ ಶುರುವಾದ ಹತ್ತು ಕಂತಿನ ಸೀರೀಸ್ ಅದು, ಒಂದು ವೆಬ್‌ಟೂನ್ (ಇಂಟರ್ನೆಟ್ಟಿನಲ್ಲಿ ಬರುವ ಚಿತ್ರಕಥೆ) ಆಧಾರಿತ. ಹುಡುಗಿಯರ ಹೈಸ್ಕೂಲಿನ ಒಂದು ಕ್ಲಾಸು. ತಿಂಗಳಿಗೊಮ್ಮೆ ಮೊಬೈಲ್ ಆ್ಯಪ್‌ನಲ್ಲಿ ಎಲ್ಲರೂ ಗುಟ್ಟಾಗಿ ಮತ ಹಾಕುತ್ತಾರೆ: ನಿನಗೆ ಇಷ್ಟವಾದವರು ಯಾರು? ಮತದ ಲೆಕ್ಕದಲ್ಲಿ ಎ ದರ್ಜೆಯಿಂದ ಕೆಳಗಿನವರೆಗೆ ಹಂಚಿಕೆ. ಒಂದು ಮತವೂ ಬೀಳದವಳು ಎಫ್. ಎಫ್ ಆದವಳನ್ನು ಆ ತಿಂಗಳು ಯಾರು ಏನು ಬೇಕಾದರೂ ಮಾಡಬಹುದು. ಹೊಸದಾಗಿ ಸೇರಿದ ಸಂಗ್ ಸು-ಜಿ ಬಂದ ಹೊಸತರಲ್ಲೇ ಎಫ್ ಆಗುತ್ತಾಳೆ, ಆಮೇಲೆ ಈ ಆಟವನ್ನೇ ಮುರಿಯಲು ನಿಲ್ಲುತ್ತಾಳೆ.

ಕಲೆಯಾಗಿ ‘ದಿ ಗ್ಲೋರಿ’ ದೊಡ್ಡದು ಎಂದೇ ನನ್ನ ಅಭಿಪ್ರಾಯ. ಆದರೆ ತರಗತಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ‘ಪಿರಮಿಡ್ ಗೇಮ್’ ಹೆಚ್ಚು ಸರಿಯಾಗಿ ಹಿಡಿದಿದೆ. ಅಲ್ಲಿ ಸುಮ್ಮನೆ ನೋಡುತ್ತಾ ನಿಂತವರು ಎಂದು ಯಾರೂ ಇಲ್ಲ, ಎಲ್ಲರ ಕೈಯಲ್ಲೂ ಮತವಿದೆ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ 1996ರಲ್ಲಿ ತರಗತಿಗಳನ್ನು ಅಧ್ಯಯನ ಮಾಡಿ ಇದನ್ನೇ ತೋರಿಸಿದರು. ಕಾಡುವವಳು ಒಬ್ಬಳಿರಬಹುದು. ಅವಳಿಗೆ ಕೈಜೋಡಿಸುವವರು, ಪಕ್ಕದಲ್ಲಿ ನಿಂತು ನಕ್ಕು ಹುರಿದುಂಬಿಸುವವರು, ತನಗೇಕೆ ಎಂದು ಮುಖ ತಿರುಗಿಸುವವರು, ನೊಂದವಳ ಪರ ನಿಲ್ಲುವವರು ಎಂದು ಕ್ಲಾಸಿನ ಬಹುತೇಕ ಎಲ್ಲರೂ ಯಾವುದೋ ಒಂದು ಪಾತ್ರದಲ್ಲಿರುತ್ತಾರೆ. ಇದರ ಮೇಲೆಯೇ ಅಲ್ಲಿ ‘ಕಿವಾ’ ಎಂಬ ಶಾಲಾ ಕಾರ್ಯಕ್ರಮ ಹುಟ್ಟಿತು. ಅದು ಪಾಠ ಮಾಡುವುದು ನೋಡುತ್ತಾ ನಿಂತವರಿಗೆ. ಕೆನಡಾದ ಸಂಶೋಧಕರು ಶಾಲೆಯ ಆಟದ ಮೈದಾನದಲ್ಲಿ ಮಕ್ಕಳನ್ನು ಕ್ಯಾಮೆರಾದಲ್ಲಿ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಮಗು ನಡುವೆ ಬಂದಾಗ ನೂರಕ್ಕೆ 57 ಸಲ ಕಾಟ ಹತ್ತು ಸೆಕೆಂಡಿನೊಳಗೆ ನಿಂತಿತ್ತು. ಆದರೆ ಹಾಗೆ ನಡುವೆ ಬರುವವರು ಕಡಿಮೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ‘ನಮ್ಮ ಕ್ಲಾಸಲ್ಲೂ ಇದೆ’ ಎಂದಳು ನಿಮ್ಮ ಮಗಳು. ‘ನನಗೆ ಮಾಡ್ತಾರೆ’ ಎನ್ನಲಿಲ್ಲ. ಅವಳೇ ಆ ಆರನೆಯವಳಿರಬಹುದು. ಬ್ಯಾಗ್ ಸರಿಸಿದವಳೂ ಆಗಿರಬಹುದು. ಅಥವಾ ನಗಬೇಕಾಗಿ ಬಂದು ನಕ್ಕು, ರಾತ್ರಿ ನಿದ್ದೆ ಬಾರದೆ ಹೊರಳಾಡುವವಳು. ಮೂರರಲ್ಲಿ ಯಾವುದಾದರೂ ಅವಳಿಗೆ ನಿಮ್ಮ ಸಹಾಯ ಬೇಕು. ಮೊದಲೇ ಒಂದನ್ನು ತೀರ್ಮಾನಿಸಿಕೊಂಡು ಮಾತಿಗೆ ಕೂತರೆ ಮಿಕ್ಕ ಎರಡನ್ನು ಅವಳು ಯಾವತ್ತೂ ಹೇಳಲಾರಳು.

ಮಾತು ಹೇಗೆ ಶುರು ಮಾಡುವುದು? ಎದುರುಬದುರು ಕೂರಿಸಿಕೊಂಡು ‘ಈಗ ನಿಜ ಹೇಳು’ ಎನ್ನಬೇಡಿ. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುವಾಗ, ಸ್ಕೂಟರ್ ಹಿಂದೆ ಕೂತು ಬರುವಾಗ, ತಲೆಗೆ ಎಣ್ಣೆ ಹಚ್ಚುವಾಗ, ಅಂದರೆ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದ ಹೊತ್ತಿನಲ್ಲಿ ಈ ವಯಸ್ಸಿನವರು ಮಾತಾಡುತ್ತಾರೆ. ಸೀರೀಸನ್ನೇ ನಡುವೆ ತನ್ನಿ. ‘ಆ ನರ್ಸ್ ಇದ್ದಳಲ್ಲ, ಅವಳೊಬ್ಬಳೇ ಒಳ್ಳೆಯವಳು ಅನ್ನಿಸ್ತು ನಂಗೆ. ನಿಮ್ಮ ಶಾಲೆಯಲ್ಲಿ ಅಂಥವರು ಯಾರಿದ್ದಾರೆ?’ ಎಂದು ಕೇಳಿ. ‘ಯಾರೂ ಇಲ್ಲ’ ಎಂದರೆ ಅದೇ ದೊಡ್ಡ ಮಾಹಿತಿ. ‘ಹೈ-ಜಾಂಗ್ ಯಾಕೆ ಅವರ ಜೊತೆಗಿದ್ದಳು ಅಂತೀಯ?’ ಎಂದು ಕೇಳಿ. ನಿಮ್ಮ ಮಗಳು ಆ ಪಾತ್ರದ ಹೆಸರಲ್ಲಿ ತನ್ನ ಕ್ಲಾಸಿನ ಕಥೆ ಹೇಳಲು ಶುರು ಮಾಡಬಹುದು. ಆಗ ಮಧ್ಯೆ ಬಾಯಿ ಹಾಕಬೇಡಿ.

ಹೇಳಿದ ಮೇಲೆ ನಿಮ್ಮ ಮೊದಲ ಮಾತು ಬಹಳ ಮುಖ್ಯ. ‘ಇದನ್ನ ಹೇಳಿದ್ದು ಒಳ್ಳೇದಾಯ್ತು. ಇದು ನಿನ್ನ ತಪ್ಪಲ್ಲ. ನಿನ್ನ ಕೇಳದೆ ನಾನು ಏನೂ ಮಾಡಲ್ಲ, ಆದರೆ ಸುಮ್ಮನೆ ಬಿಡೋದೂ ಇಲ್ಲ.’ ಇಷ್ಟು ಸಾಕು. ‘ತಲೆ ಕೆಡಿಸ್ಕೋಬೇಡ’, ‘ನೀನೂ ನಾಲ್ಕು ಮಾತು ತಿರುಗಿಸಿ ಕೊಡು’, ‘ನಮ್ಮ ಕಾಲದಲ್ಲೂ ಇತ್ತು, ನಾವೇನು ಸತ್ತೋದ್ವಾ’, ಇವು ಬೇಡ. ಒಂದು ವೇಳೆ ಅವಳು ಕಾಡುವ ಗುಂಪಿನಲ್ಲೇ ಇದ್ದಳು ಎಂದು ಗೊತ್ತಾದರೂ ಬೈಗುಳದಿಂದ ಶುರು ಮಾಡಬೇಡಿ. ‘ಆ ಹುಡುಗಿ ಮನೆಗೆ ಹೋಗಿ ಏನು ಮಾಡಿರ್ತಾಳೆ ಆವತ್ತು?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

ಶಾಲೆಗೆ ಹೋಗಬೇಕೇ ಎಂದಿರಿ. ಹೋಗಬೇಕು, ಸ್ವಲ್ಪ ತಯಾರಿ ಮಾಡಿಕೊಂಡು. ಅದಕ್ಕೆ ಮುಂಚೆ ಮಾಡಬಾರದ ಕೆಲಸ ಎರಡಿವೆ. ಆ ಇನ್ನೊಬ್ಬ ಹುಡುಗಿಯ ಅಮ್ಮನಿಗೆ ಫೋನ್ ಹಚ್ಚಬೇಡಿ. ಎರಡು ನಿಮಿಷದಲ್ಲಿ ಅದು ಎರಡು ಮನೆಗಳ ಮಾನದ ಪ್ರಶ್ನೆಯಾಗುತ್ತದೆ. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಸಂಜೆಯೊಳಗೆ ಅದು ಮಕ್ಕಳ ಫೋನಿಗೆ ತಲುಪಿರುತ್ತದೆ. ಒಂದು ನೋಟ್‌ಬುಕ್ ತೆಗೆದುಕೊಂಡು ತಾರೀಖು, ಜಾಗ, ಏನಾಯಿತು, ಯಾರಿದ್ದರು ಎಂದು ಮಗಳು ಹೇಳಿದಷ್ಟನ್ನೇ ಬರೆದಿಡಿ. ಮೆಸೇಜು, ಸ್ಟೇಟಸ್ಸು ಇದ್ದರೆ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊದಲು ಕ್ಲಾಸ್ ಟೀಚರ್ ಹತ್ತಿರ, ಶಾಲೆ ಬಿಟ್ಟ ಮೇಲೆ, ಬೇರೆ ಮಕ್ಕಳ ಕಣ್ಣಿಗೆ ಬೀಳದಂತೆ ಮಾತಾಡಿ. ದೂರಿನ ದನಿ ಬೇಡ. ‘ನೀವು ಕ್ಲಾಸಿನಲ್ಲಿ ಏನು ಗಮನಿಸಿದ್ದೀರಿ ಮಿಸ್?’ ಎಂದು ಕೇಳಿ. ಬಹಳ ಟೀಚರ್‌ಗಳು ಒಂದು ಕ್ಲಾಸಿನಲ್ಲಿ ಐವತ್ತು ಅರವತ್ತು ಮಕ್ಕಳನ್ನಿಟ್ಟುಕೊಂಡು ಒದ್ದಾಡುತ್ತಿರುತ್ತಾರೆ. ‘ಗಮನ ಕೊಡಿ’ ಎಂದರೆ ಅವರಿಗೆ ಏನು ಮಾಡಬೇಕೆಂದು ಹೊಳೆಯುವುದಿಲ್ಲ. ಬೆಂಚು ಬದಲಿಸಿ, ಊಟದ ಹೊತ್ತಿನಲ್ಲಿ ಒಬ್ಬರು ಆ ಕಡೆ ಓಡಾಡಲಿ, ಗುಂಪು ಕೆಲಸ ಕೊಡುವಾಗ ಗುಂಪನ್ನು ಮಕ್ಕಳ ಆಯ್ಕೆಗೆ ಬಿಡದೆ ನೀವೇ ಮಾಡಿ, ಸ್ಕೂಲ್ ಬಸ್ಸಿನಲ್ಲಿ ಮುಂದಿನ ಸೀಟು ಕೊಡಿ ಎಂದು ಬಿಡಿಬಿಡಿಯಾಗಿ ಕೇಳಿ. ‘ನೀವೇ ಗುಂಪು ಮಾಡಿಕೊಳ್ಳಿ’ ಎಂಬ ಆ ಒಂದು ವಾಕ್ಯಕ್ಕೆ ಹೆದರಿ ಶಾಲೆಗೆ ರಜೆ ಹಾಕಿದ ಮಕ್ಕಳನ್ನು ನಾನು ನೋಡಿದ್ದೇನೆ.

ಇನ್ನೊಂದು ವಿಷಯದಲ್ಲಿ ಗಟ್ಟಿಯಾಗಿರಿ. ಇಬ್ಬರನ್ನೂ ಕರೆಸಿ, ಎದುರಿಗೆ ನಿಲ್ಲಿಸಿ, ‘ಸಾರಿ ಹೇಳಿ, ಕೈ ಕುಲುಕಿ, ಫ್ರೆಂಡ್ಸ್ ಆಗಿ’ ಎಂದು ಮುಗಿಸಲು ಶಾಲೆ ಮುಂದಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಸಮಾನರ ಜಗಳಕ್ಕೆ ಅದು ಸರಿ. ಬಲದಲ್ಲಿ ಸಮಾನರಲ್ಲದವರನ್ನು ಹಾಗೆ ಎದುರು ನಿಲ್ಲಿಸಿದರೆ ನೊಂದವಳು ಹೆದರಿ ತಲೆಯಾಡಿಸುತ್ತಾಳೆ, ಹೊರಗೆ ಬಂದ ಮೇಲೆ ಬೆಲೆ ತೆರುತ್ತಾಳೆ. ಬೇರೆ ಬೇರೆಯಾಗಿ ಮಾತಾಡಿ ಎಂದು ಹೇಳಿ. ವಾರ ಹತ್ತು ದಿನದಲ್ಲಿ ಏನೂ ಬದಲಾಗದಿದ್ದರೆ ಹೆಡ್‌ಮಾಸ್ಟರ್‌ಗೆ ಬರಹದಲ್ಲಿ ಅರ್ಜಿ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಸಿಬಿಎಸ್‌ಇ ಶಾಲೆಯಾದರೆ, ಇಂಥ ಕಾಟ ತಡೆಯಲು ಸಮಿತಿ ಇರಬೇಕೆಂದು ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಮುಂದಿನ ಮೆಟ್ಟಿಲು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ. ಕರ್ನಾಟಕ ಶಿಕ್ಷಣ ಕಾಯ್ದೆ, 1983 ರ್‍ಯಾಗಿಂಗ್ ಅನ್ನು ನಿಷೇಧಿಸಿದೆ, ವಿದ್ಯಾರ್ಥಿಯ ಮಾನವ ಘನತೆಗೆ ಕುಂದು ತರುವ ನಡವಳಿಕೆಯನ್ನೂ ಅದರಡಿ ತಂದಿದೆ. ಖಾಸಗಿ ಫೋಟೊ ಹರಿದಾಡುವ ಮಟ್ಟಕ್ಕೆ ಹೋಗಿದ್ದರೆ ಕಾಯಬೇಡಿ, ನೇರವಾಗಿ ಪೊಲೀಸರ ಹತ್ತಿರ ಹೋಗಿ. ಮಕ್ಕಳ ವಿಷಯದಲ್ಲಿ ಪೋಕ್ಸೊ ಮತ್ತು ಐಟಿ ಕಾಯ್ದೆಗಳು ಕಠಿಣವಾಗಿವೆ. ಇದರ ನಡುವೆ ಟಿಸಿ ತೆಗೆಸುವ ಮಾತನ್ನು ಮಗಳ ಎದುರು ಆಡಬೇಡಿ. ಕೊನೆಗೆ ಅದೂ ಬೇಕಾಗಬಹುದು, ಆದರೆ ಮೊದಲೇ ಎತ್ತಿದರೆ ಜಾಗ ಬಿಡಬೇಕಾದವಳು ತಾನೇ ಎಂದು ಅವಳಿಗೆ ಅನ್ನಿಸುತ್ತದೆ.

ಕಾನೂನೊಂದೇ ಸಾಲದು ಎಂಬುದಕ್ಕೆ ಕೊರಿಯಾವೇ ಸಾಕ್ಷಿ. ಶಾಲಾ ಹಿಂಸೆ ತಡೆಗೆ ಅಲ್ಲಿ ಕಾಯ್ದೆ ಬಂದದ್ದು 2004ರಲ್ಲಿ. ಚಿಯೊಂಗ್ಜು ಘಟನೆ ಅದಾದ ಎರಡು ವರ್ಷಕ್ಕೆ. 2023ರ ಫೆಬ್ರುವರಿಯಲ್ಲಿ, ಅಂದರೆ ‘ದಿ ಗ್ಲೋರಿ’ಯ ಎರಡು ಭಾಗಗಳ ನಡುವೆ, ರಾಷ್ಟ್ರೀಯ ತನಿಖಾ ಕಚೇರಿಯ ಮುಖ್ಯಸ್ಥರಾಗಿ ನೇಮಕಗೊಂಡಿದ್ದ ಮಾಜಿ ಪ್ರಾಸಿಕ್ಯೂಟರ್ ಒಬ್ಬರು ಮರುದಿನವೇ ಹಿಂದೆ ಸರಿಯಬೇಕಾಯಿತು. ಅವರ ಮಗ ಶಾಲೆಯಲ್ಲಿ ಸಹಪಾಠಿಯನ್ನು ಕಾಡಿದ್ದು, ಶಾಲೆ ಬದಲಿಸುವ ಶಿಕ್ಷೆಯ ವಿರುದ್ಧ ಕುಟುಂಬ ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದು ಬಯಲಾಗಿತ್ತು. ಮಾರ್ಚ್‌ನಲ್ಲಿ ಸೀರೀಸಿನ ನಿರ್ದೇಶಕರೇ, ತಾವು ವಿದ್ಯಾರ್ಥಿಯಾಗಿದ್ದಾಗ ಇತರರನ್ನು ನೋಯಿಸಿದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು. ಏಪ್ರಿಲ್‌ನಲ್ಲಿ ಸರ್ಕಾರ ಹೊಸ ನಿಯಮ ಪ್ರಕಟಿಸಿತು: ಗಂಭೀರ ಪ್ರಕರಣಗಳ ದಾಖಲೆ ಶಾಲೆ ಮುಗಿದ ಮೇಲೂ ಎರಡರ ಬದಲು ನಾಲ್ಕು ವರ್ಷ ಉಳಿಯುತ್ತದೆ, 2026ರ ಸಾಲಿನಿಂದ ಕಾಲೇಜು ಪ್ರವೇಶದಲ್ಲೂ ಲೆಕ್ಕಕ್ಕೆ ಬರುತ್ತದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಅಷ್ಟು ಭರವಸೆಯಿಲ್ಲ. ದಾಖಲೆಯ ಬೆಲೆ ಏರಿದಷ್ಟೂ ದುಡ್ಡಿದ್ದವರು ವಕೀಲರನ್ನಿಟ್ಟು ಅದನ್ನು ಎಳೆದಾಡುತ್ತಾರೆ, ಅಷ್ಟು ದಿನವೂ ನೊಂದ ಮಗು ಅದೇ ಕ್ಲಾಸಿನಲ್ಲಿ ಕೂತಿರಬೇಕು.

ಸೇಡಿನ ಬಗ್ಗೆಯೂ ಮಗಳ ಜೊತೆ ಮಾತಾಡಿ. ‘ದಿ ಗ್ಲೋರಿ’ ನೋಡಿದವರಿಗೆ ಆ ಸೇಡು ಹಿತವೆನಿಸುವುದು ಸಹಜ, ನನಗೂ ಅನ್ನಿಸಿತು. ಆದರೆ ನನ್ನ ಹತ್ತಿರ ಬರುವ ಹುಡುಗಿಯರಲ್ಲಿ ‘ಅವಳಿಗೆ ಬುದ್ಧಿ ಕಲಿಸಬೇಕು’ ಎನ್ನುವವರು ಅಪರೂಪ. ಹೆಚ್ಚಿನವರು ಕೇಳುವುದು ತುಂಬ ಚಿಕ್ಕದನ್ನು: ಇದು ನಿಂತರೆ ಸಾಕು, ಊಟಕ್ಕೆ ಪಕ್ಕದಲ್ಲಿ ಒಬ್ಬಳು ಕೂತರೆ ಸಾಕು. ಆ ಒಬ್ಬಳನ್ನು ಹುಡುಕಲು ಸಹಾಯ ಮಾಡಿ. ಇಡೀ ಕ್ಲಾಸು ಬೇಕಿಲ್ಲ. ಬೇರೆ ಸೆಕ್ಷನ್ನಿನ ಹುಡುಗಿಯಾದರೂ ಸರಿ, ಟ್ಯೂಷನ್ನಿನಲ್ಲಿ ಸಿಗುವವಳಾದರೂ ಸರಿ, ಭಾನುವಾರ ಮನೆಗೆ ಕರೆದು ಒಂದು ದೋಸೆ ಹಾಕಿಕೊಡಿ. ಗಟ್ಟಿ ಗೆಳತಿ ಒಬ್ಬಳಿದ್ದರೆ ಕಾಟವೂ ತಗ್ಗುತ್ತದೆ, ಅದರ ಗಾಯವೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ.

ಕೆಲವು ಲಕ್ಷಣಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಭಾನುವಾರ ರಾತ್ರಿಯೇ ಶುರುವಾಗುವ ಹೊಟ್ಟೆನೋವು, ದಿನಾ ತುಂಬಿಯೇ ವಾಪಸು ಬರುವ ಡಬ್ಬಿ, ಶಾಲೆಯ ಶೌಚಾಲಯಕ್ಕೆ ಹೋಗದೆ ಸಂಜೆಯವರೆಗೂ ತಡೆದುಕೊಳ್ಳುವುದು, ಸೆಕೆಯಲ್ಲೂ ತುಂಬುತೋಳು ಹಾಕಿಕೊಂಡು ಕೈ ಮುಚ್ಚಿಕೊಳ್ಳುವುದು, ‘ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ’ ಎಂಬ ಮಾತು. ಕೊನೆಯ ಎರಡು ಕಂಡರೆ ಅವತ್ತೇ ಹತ್ತಿರದ ಮನೋವೈದ್ಯರನ್ನೋ ಮಕ್ಕಳ ವೈದ್ಯರನ್ನೋ ನೋಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ನಂಬರುಗಳನ್ನು ಮಗಳ ಫೋನಿನಲ್ಲೂ ಹಾಕಿಕೊಡಿ.

‘ಪಿರಮಿಡ್ ಗೇಮ್’ ನೋಡಲು ಬಿಡಬಹುದೇ? ಒಬ್ಬಳೇ ನೋಡುವುದು ಬೇಡ. ಅದರಲ್ಲೂ ಹೊಡೆತ ಬಡಿತ ಸಾಕಷ್ಟಿದೆ. ಅದು ಬಂದಾಗ ಮಕ್ಕಳು ಶಾಲೆಯಲ್ಲಿ ಅದೇ ಆಟವನ್ನು ಅನುಕರಿಸುತ್ತಿದ್ದಾರೆಂದು ಕೊರಿಯಾದ ಕೆಲವು ಶಾಲೆಗಳು ಪೋಷಕರಿಗೆ ಎಚ್ಚರಿಕೆಯ ಪತ್ರ ಕಳಿಸಿದ್ದವು. ಮೊದಲ ಕಂತನ್ನು ನೀವು ಮುಂಚಿತವಾಗಿ ನೋಡಿ. ಸರಿ ಅನ್ನಿಸಿದರೆ ಆಮೇಲೆ ಇಬ್ಬರೂ ಒಟ್ಟಿಗೆ ಕೂತು, ದಿನಕ್ಕೊಂದು ಕಂತು ಸಾಕು. ಅವರಪ್ಪನನ್ನೂ ಕೂರಿಸಿಕೊಳ್ಳಿ. ಮತ ಹಾಕುವ ದೃಶ್ಯ ಬಂದಾಗ ಅಲ್ಲೇ ಸ್ವಲ್ಪ ನಿಲ್ಲಿಸಿ, ‘ನೀನಾಗಿದ್ರೆ ಯಾರಿಗೆ ಹಾಕ್ತಿದ್ದೆ?’ ಎಂದು ಕೇಳಿ. ಆಮೇಲೆ ‘ನಿಮ್ಮ ಕ್ಲಾಸಲ್ಲಿ ಒಂದು ಮತವೂ ಬೀಳದವಳು ಯಾರು?’ ಎಂದು ಕೇಳಿ. ಅವಳು ಹೆಸರು ಹೇಳಲಿ, ಸುಮ್ಮನಿರಲಿ, ಅಳಲಿ, ರಿಮೋಟ್ ಕೆಳಗಿಟ್ಟು ಅವಳ ಪಕ್ಕದಲ್ಲೇ ಕೂತಿರಿ. ಅವಳು ಹೇಳಿದ್ದನ್ನು ಮರುದಿನ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಟ್ಟುಕೊಂಡು, ಆ ವಾರದಲ್ಲೇ ಕ್ಲಾಸ್ ಟೀಚರ್‌ನ ಭೇಟಿಗೆ ಸಮಯ ಕೇಳಿ.